ಪ್ರವಾಸಕ್ಕೆ ಜೂಮ್ ಕ್ಯಾಮೆರಾ: ಎಷ್ಟು ದೂರ ಬೇಕು, ಎಷ್ಟು ಬೆಳಕು ಸಿಗುತ್ತದೆ?

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ತಲೆಯೆತ್ತಿ ನಿಂತು, ಸೂರಿನಡಿಯ ಮದನಿಕೆಯರನ್ನು ಫೋನಿನಲ್ಲಿ ತೆಗೆಯಲು ಹೋದವರಿಗೆಲ್ಲ ಒಂದೇ ತೊಡಕು. ಬರಿಗಣ್ಣಿಗೆ ಕಾಣುವ ಬಳೆ, ಹಾರ, ಬೆರಳಿನ ಬಾಗು ಯಾವುದೂ ಚಿತ್ರದಲ್ಲಿ ಉಳಿಯುವುದಿಲ್ಲ. ಪರದೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರೆ ಕಲ್ಲಿನ ಅಂಚುಗಳು ಕರಗಿ ಮಬ್ಬಾಗುತ್ತವೆ. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೂ, ಕಬಿನಿಯ ಸಫಾರಿ ವಾಹನದಲ್ಲಿ ಕೂತವರಿಗೂ ಇದೇ ಅನುಭವ. ಹಾಗೆಂದು ದೊಡ್ಡ ಕ್ಯಾಮೆರಾ, ಅದಕ್ಕೆ ಎರಡು ಮೂರು ಲೆನ್ಸು, ಅವನ್ನೆಲ್ಲ ಹೊರಲು ಬೆನ್ನಿಗೊಂದು ಚೀಲ ಎಂದರೆ ಮನೆಮಂದಿಯ ಜೊತೆ ಹೊರಟವರಿಗೆ ಆಗುವ ಮಾತಲ್ಲ.

ಜೇಬಿನಲ್ಲಿ ಹಿಡಿಯುವ, ಆದರೆ ದೂರದ್ದನ್ನು ಹತ್ತಿರಕ್ಕೆ ತರುವ ಟ್ರಾವೆಲ್ ಜೂಮ್ ಕ್ಯಾಮೆರಾಗಳು ಇಂಥವರಿಗಾಗಿಯೇ ಇವೆ. ಪ್ಯಾನಸಾನಿಕ್ ಕಂಪನಿ 2006ರಲ್ಲಿ ಟಿಝಡ್1 ಎಂಬ 10 ಪಟ್ಟು ಜೂಮ್‌ನ ಪುಟ್ಟ ಕ್ಯಾಮೆರಾ ತಂದಾಗ ಈ ವರ್ಗಕ್ಕೆ ಒಂದು ರೂಪ ಬಂತು. ಆಮೇಲೆ ಇತರ ಜಪಾನಿ ಕಂಪನಿಗಳೂ ಪೈಪೋಟಿಗೆ ಇಳಿದವು. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದಿದ್ದವು. 2023ರ ಹೊತ್ತಿಗೆ ಅದು 77 ಲಕ್ಷಕ್ಕೆ ಇಳಿದಿತ್ತು, ಅದರಲ್ಲೂ ಲೆನ್ಸ್ ಬದಲಿಸಲಾಗದ ಸಣ್ಣ ಕ್ಯಾಮೆರಾಗಳು 17 ಲಕ್ಷದಷ್ಟೇ. ಉಳಿದಿದ್ದನ್ನೆಲ್ಲ ಫೋನು ನುಂಗಿತು. ಹಾಗಾಗಿ ಇವತ್ತು ಅಂಗಡಿಯಲ್ಲಿ ಸಿಗುವ ಮಾದರಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ವರ್ಷಗಳ ಹಿಂದೆ ಬಂದವು. ಆಯ್ಕೆ ಕಡಿಮೆಯಾದಷ್ಟೂ ಎಚ್ಚರ ಹೆಚ್ಚು ಬೇಕು, ಏಕೆಂದರೆ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ 30 ಪಟ್ಟು, 40 ಪಟ್ಟು ಎಂಬ ಅಂಕಿ ಖರೀದಿಗೆ ತೀರಾ ಕಡಿಮೆ ನೆರವಾಗುವ ಅಂಕಿ.

ಪಟ್ಟು ಎಂದರೆ ಲೆನ್ಸಿನ ಅತಿ ಉದ್ದದ ತುದಿಯನ್ನು ಅತಿ ಅಗಲದ ತುದಿಯಿಂದ ಭಾಗಿಸಿದಾಗ ಬರುವ ಸಂಖ್ಯೆ, ಅಷ್ಟೆ. 24ರಿಂದ 240 ಮಿ.ಮೀ. ಹೋಗುವ ಲೆನ್ಸೂ 10 ಪಟ್ಟು, 35ರಿಂದ 350 ಹೋಗುವುದೂ 10 ಪಟ್ಟು. ಮೊದಲನೆಯದರಲ್ಲಿ ಗೋಪುರ ಪೂರ್ತಿ ಹಿಡಿಯುತ್ತದೆ, ಎರಡನೆಯದರಲ್ಲಿ ಹಿಡಿಯಲು ಬೀದಿಯ ಆಚೆ ಬದಿಗೆ ಹೋಗಬೇಕು. ಆದ್ದರಿಂದ ಪಟ್ಟನ್ನು ಬಿಟ್ಟು ಮಿಲಿಮೀಟರ್ ನೋಡಿ. ಇಲ್ಲಿ ಹೇಳುವ ಮಿಲಿಮೀಟರ್‌ಗಳೆಲ್ಲ ಹಳೆಯ 35 ಮಿ.ಮೀ. ಫಿಲಂ ಕ್ಯಾಮೆರಾದ ಅಳತೆಗೆ ಹೊಂದಿಸಿ ಕಂಪನಿಗಳೇ ಕೊಡುವ ಸಮಾನ ಅಳತೆಗಳು. ಬೇರೆ ಬೇರೆ ಕ್ಯಾಮೆರಾಗಳನ್ನು ಹೋಲಿಸಲು ಈ ಒಂದು ಅಳತೆಗೋಲು ಸಾಕು.

ಫೋನು ಎಲ್ಲಿ ಸೋಲುತ್ತದೆ

ಮೊದಲು ನಿಮ್ಮ ಫೋನಿನ ಶಕ್ತಿ ತಿಳಿದುಕೊಳ್ಳಿ. ಒಳ್ಳೆಯ ಫೋನುಗಳ ಮುಖ್ಯ ಸೆನ್ಸರ್ ಇವತ್ತು ಅಗ್ಗದ ಟ್ರಾವೆಲ್ ಜೂಮ್ ಕ್ಯಾಮೆರಾದ ಸೆನ್ಸರಿಗಿಂತ ದೊಡ್ಡದು, ಅದರ ಲೆನ್ಸೂ ಹೆಚ್ಚು ಬೆಳಕು ಬಿಡುತ್ತದೆ. ಮೇಲಾಗಿ ಕತ್ತಲಲ್ಲಿ ಫೋನು ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು, ಅವನ್ನು ಒಂದರ ಮೇಲೊಂದು ಕೂಡಿಸಿ ಕಾಳುಕಾಳಾದ ಗಲೀಜನ್ನು ತೆಗೆದುಹಾಕುತ್ತದೆ. ಹೀಗಾಗಿ ಅಗಲ ನೋಟದಲ್ಲಿ, ಅಂದರೆ ಮನೆಯೊಳಗೆ, ಊಟದ ಎಲೆಯ ಮುಂದೆ, ದೇಗುಲದ ನವರಂಗದ ಮಬ್ಬಿನಲ್ಲಿ, ಅಗ್ಗದ ಜೂಮ್ ಕ್ಯಾಮೆರಾ ಫೋನನ್ನು ಮೀರಿಸುವುದಿಲ್ಲ. ಅದಕ್ಕೆಂದು ದುಡ್ಡು ಸುರಿದವರು ನಿರಾಶರಾಗುತ್ತಾರೆ.

ಫೋನಿನ ದೂರದ ಲೆನ್ಸುಗಳು ದುಬಾರಿ ಮಾದರಿಗಳಲ್ಲಿ ಸುಮಾರು 120 ಮಿ.ಮೀ.ವರೆಗೆ ಬರುತ್ತವೆ, ಕೆಲವು ಇನ್ನೂ ಮುಂದೆ ಹೋಗುತ್ತವೆ. ಸಾಧಾರಣ ಫೋನಿನಲ್ಲಿ ಆ ಲೆನ್ಸೇ ಇರುವುದಿಲ್ಲ. ಅದಕ್ಕಿಂತ ಆಚೆಗೆ ಫೋನು ಮಾಡುವುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ. ಕಳೆದುಹೋದ ವಿವರವನ್ನು ಊಹೆಯಿಂದ ತುಂಬುವ ಕೆಲಸವೂ ಈಗ ಸೇರಿಕೊಂಡಿದೆ. ಶಾಸನದ ಅಕ್ಷರವೋ ಹಕ್ಕಿಯ ಗರಿಯೋ ನಿಜವಾಗಿ ಇದ್ದಂತೆಯೇ ಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ. ನೀವು ಕೊಳ್ಳುವ ಕ್ಯಾಮೆರಾದ ಕೆಲಸ ಶುರುವಾಗುವುದು ಇಲ್ಲಿಂದ. 120ರಿಂದ ಮುಂದಕ್ಕೆ ಅದು ಎಷ್ಟು ದೂರ, ಎಷ್ಟು ಚೊಕ್ಕವಾಗಿ ಹೋಗುತ್ತದೆ ಎಂಬುದಕ್ಕೆ ಮಾತ್ರ ಬೆಲೆ ಕೊಡಿ.

ಎಷ್ಟು ದೂರ ಬೇಕು ಎಂಬ ಲೆಕ್ಕ

ಇದಕ್ಕೊಂದು ಸುಲಭ ಲೆಕ್ಕವಿದೆ. ವಸ್ತು ಎಷ್ಟು ಮೀಟರ್ ದೂರದಲ್ಲಿದೆಯೋ ಅದನ್ನು 36ರಿಂದ ಗುಣಿಸಿ, ಲೆನ್ಸಿನ ಮಿಲಿಮೀಟರ್‌ನಿಂದ ಭಾಗಿಸಿ. ಬರುವ ಉತ್ತರ, ಆ ದೂರದಲ್ಲಿ ನಿಮ್ಮ ಚೌಕಟ್ಟಿನೊಳಗೆ ಎಷ್ಟು ಮೀಟರ್ ಅಗಲದ ಜಾಗ ಹಿಡಿಯುತ್ತದೆ ಎಂಬುದು. ಸ್ಥೂಲ ಲೆಕ್ಕವಾದರೂ ಕೊಳ್ಳುವಾಗ ಇದಕ್ಕಿಂತ ಉಪಯೋಗದ್ದು ಬೇರೊಂದಿಲ್ಲ.

ನೀವು ನಿಂತ ಜಾಗದಿಂದ ಹತ್ತು ಮೀಟರ್ ದೂರದಲ್ಲಿ ಒಂದು ಶಿಲ್ಪವಿದೆ ಎನ್ನಿ. 200 ಮಿ.ಮೀ. ಲೆನ್ಸಿನಲ್ಲಿ ಚೌಕಟ್ಟಿನ ಅಗಲ 1.8 ಮೀಟರ್. ಶಿಲ್ಪ ನೆಮ್ಮದಿಯಾಗಿ ತುಂಬಿಕೊಳ್ಳುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ, ಪಟ್ಟದಕಲ್ಲು ಎಂದು ದೇಗುಲಗಳನ್ನೇ ಸುತ್ತುವವರಿಗೆ 200 ಮಿ.ಮೀ. ಸಾಕು ಎಂಬುದು ಇದರಿಂದ ತಿಳಿಯುತ್ತದೆ. 960 ಮಿ.ಮೀ. ಲೆನ್ಸ್ ಅಲ್ಲಿ ಬಹುಪಾಲು ವ್ಯರ್ಥ.

ಹಕ್ಕಿಯ ಲೆಕ್ಕ ಬೇರೆ. ಇಪ್ಪತ್ತು ಮೀಟರ್ ದೂರದಲ್ಲಿ ಗೂಡಿನ ಮೇಲೆ ನಿಂತ ಬಣ್ಣದ ಕೊಕ್ಕರೆ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. 360 ಮಿ.ಮೀ. ಲೆನ್ಸಿಗೆ ಅಲ್ಲಿ ಚೌಕಟ್ಟಿನ ಅಗಲ 2 ಮೀಟರ್. ಹಕ್ಕಿ, ಗೂಡು, ಮರಿ ಎಲ್ಲ ಹೊಂದಿ ಕೂರುತ್ತವೆ. ಅದೇ ದೂರದಲ್ಲಿ ಕೂತ ಮಿಂಚುಳ್ಳಿ ಗೇಣುದ್ದದ್ದು. ಅದಕ್ಕೆ 720 ಮಿ.ಮೀ. ಹಾಕಿದರೂ ಚೌಕಟ್ಟು ಒಂದು ಮೀಟರ್ ಅಗಲವಿರುತ್ತದೆ, ಹಕ್ಕಿ ಅದರ ಐದನೆಯ ಒಂದು ಪಾಲು ಮಾತ್ರ. ಚಿಕ್ಕ ಹಕ್ಕಿಗಳೇ ನಿಮ್ಮ ಗುರಿಯಾದರೆ ಜೇಬಿನ ಕ್ಯಾಮೆರಾದ ಆಸೆ ಬಿಟ್ಟು ದೊಡ್ಡ ದೇಹದ ಸೂಪರ್ ಜೂಮ್ ನೋಡುವುದೇ ಸರಿ. ನಿಕಾನ್ ಪಿ1000ದ ಲೆನ್ಸ್ 3000 ಮಿ.ಮೀ. ಮುಟ್ಟುತ್ತದೆ, ಆದರೆ ತೂಕ 1.4 ಕಿಲೋ. ಇನ್ನು ಕಾಡಿನ ಹಾದಿಯಲ್ಲಿ ಅರವತ್ತು ಮೀಟರ್ ಆಚೆ ಹುಲಿ ದಾಟಿದರೆ 360 ಮಿ.ಮೀ. ಚೌಕಟ್ಟು 6 ಮೀಟರ್ ಅಗಲ. ಬಾಲ ಸೇರಿಸಿ ಮೂರು ಮೀಟರ್ ಹತ್ತಿರ ಬರುವ ಪ್ರಾಣಿ ಅರ್ಧ ಚೌಕಟ್ಟು ತುಂಬುತ್ತದೆ. ಅಷ್ಟಿದ್ದರೆ ಒಳ್ಳೆಯ ಚಿತ್ರ.

ಚಂದ್ರನಿಗೂ ಇದೇ ಬಗೆಯ ಲೆಕ್ಕ: 200 ಮಿ.ಮೀ.ನಲ್ಲಿ ಅದು ಚೌಕಟ್ಟಿನ ಎತ್ತರದ ನೂರಕ್ಕೆ ಏಳೆಂಟು ಪಾಲು, 720ರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು.

ಬೆಳಕಿನ ಬಡತನ

ದೂರದ ಲೆಕ್ಕ ಮುಗಿದ ಮೇಲೆ ಬೆಳಕಿನ ಲೆಕ್ಕ. ಬಹಳ ಜನ ಎಡವುವುದು ಇಲ್ಲಿ.

ಟ್ರಾವೆಲ್ ಜೂಮ್‌ಗಳಲ್ಲಿ ಎರಡು ಬಗೆಯ ಸೆನ್ಸರ್‌ಗಳಿವೆ. ಅಗ್ಗದವುಗಳಲ್ಲಿ ಇರುವುದು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ ಚಿಕ್ಕ ಸೆನ್ಸರ್; ವಿವರಪಟ್ಟಿಯಲ್ಲಿ ಇದನ್ನು 1/2.3 ಇಂಚು ಎಂದು ಬರೆದಿರುತ್ತಾರೆ. ದುಬಾರಿಯವುಗಳಲ್ಲಿ ಒಂದು ಇಂಚಿನದು ಎಂದು ಕರೆಯುವ ಸೆನ್ಸರ್. ಹೆಸರಿಗೆ ಒಂದು ಇಂಚು, ಅಳೆದರೆ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ಹಳೆಯ ಟಿ.ವಿ. ಕ್ಯಾಮೆರಾ ಕೊಳವೆಗಳ ಹೊರವ್ಯಾಸದಿಂದ ಬಂದ ಅಳತೆ ಇನ್ನೂ ಬಳಕೆಯಲ್ಲಿದೆ. ಹೆಸರು ಹೇಗೇ ಇರಲಿ, ವಿಸ್ತೀರ್ಣದಲ್ಲಿ ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದನ್ನು ಐಎಸ್‌ಒ ಅಂಕಿಯಲ್ಲಿ ಹೇಳುತ್ತಾರೆ. ಒಂದೇ ಕಾಲದ ತಂತ್ರಜ್ಞಾನವಾದರೆ, ಚಿಕ್ಕ ಸೆನ್ಸರ್ ಐಎಸ್‌ಒ 400ರಲ್ಲಿ ಕೊಡುವಷ್ಟೇ ಚೊಕ್ಕ ಚಿತ್ರವನ್ನು ಒಂದು ಇಂಚಿನದು ಐಎಸ್‌ಒ 1600ರಲ್ಲಿ ಕೊಡುತ್ತದೆ. ನನ್ನ ಕಣ್ಣಿನ ಅಳತೆಯಲ್ಲಿ ಹೇಳುವುದಾದರೆ ಚಿಕ್ಕ ಸೆನ್ಸರನ್ನು 400ರೊಳಗೆ ಇಟ್ಟುಕೊಳ್ಳಬೇಕು, ತೀರಾ ಬೇಕಾದರೆ 800. ಒಂದು ಇಂಚಿನದನ್ನು 1600ರವರೆಗೆ ಧೈರ್ಯವಾಗಿ ಬಳಸಬಹುದು, 3200ಕ್ಕೂ ಕೆಲಸ ಮಾಡುತ್ತದೆ.

ಸೆನ್ಸರಿನ ಜೊತೆಗೆ ಲೆನ್ಸಿನ ಬಾಯಿಯನ್ನೂ ನೋಡಬೇಕು. ವಿವರಪಟ್ಟಿಯಲ್ಲಿ ಎಫ್/3.3-6.4 ಎಂದು ಎರಡು ಅಂಕಿ ಇರುತ್ತವೆ. ಮೊದಲನೆಯದು ಅಗಲ ನೋಟದಲ್ಲಿ, ಎರಡನೆಯದು ಪೂರ್ತಿ ಜೂಮ್ ಮಾಡಿದಾಗ. ಅಂಕಿ ದೊಡ್ಡದಾದಷ್ಟೂ ಬಾಯಿ ಕಿರಿದು. ಜಾಹೀರಾತಿನವರು ಮೊದಲ ಅಂಕಿಯನ್ನು ತೋರಿಸುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು, ಏಕೆಂದರೆ ನೀವು ಕ್ಯಾಮೆರಾ ಕೊಳ್ಳುತ್ತಿರುವುದೇ ಜೂಮ್‌ಗಾಗಿ. 3.3ರಿಂದ 6.4ಕ್ಕೆ ಹೋಗುವಷ್ಟರಲ್ಲಿ ಸೆನ್ಸರ್ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿದಿರುತ್ತದೆ. ಅಗಲ ನೋಟದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಆಗುತ್ತಿದ್ದ ಚಿತ್ರಕ್ಕೆ ಈಗ ಇಪ್ಪತ್ತೈದನೆಯ ಒಂದು ಭಾಗ ಬೇಕು, ಇಲ್ಲವೇ ಐಎಸ್‌ಒ ನಾಲ್ಕು ಪಟ್ಟು ಏರಬೇಕು. ನಡುಹಗಲ ಬಿಸಿಲಿನಲ್ಲಿ ಇದು ಗೊತ್ತೂ ಆಗುವುದಿಲ್ಲ. ಆದರೆ ಹುಲಿ ಓಡಾಡುವುದು ಬೆಳಗಿನ ಮಂಜಿನಲ್ಲಿ, ಸಂಜೆ ಕಂತುವಾಗ. ಮದನಿಕೆಯರು ನಿಂತಿರುವುದು ಸೂರಿನ ನೆರಳಿನಲ್ಲಿ. ಯಕ್ಷಗಾನ ನಡೆಯುವುದು ರಾತ್ರಿ. ನಮ್ಮ ಪ್ರವಾಸದ ಒಳ್ಳೆಯ ಗಳಿಗೆಗಳೆಲ್ಲ ಬೆಳಕು ಕಡಿಮೆ ಇರುವ ಹೊತ್ತಿನವೇ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ಕಿರಿದಾದ ಬಾಯಿಯ ಮೂಲಕ ಹಾದ ಬೆಳಕು ಅಂಚಿನಲ್ಲಿ ಚೆದುರುತ್ತದೆ, ಚುಕ್ಕೆಯಾಗಿ ಬೀಳಬೇಕಾದದ್ದು ಪುಟ್ಟ ತಟ್ಟೆಯಾಗಿ ಹರಡುತ್ತದೆ. ಇದು ಭೌತಶಾಸ್ತ್ರದ ನಿಯಮ, ಯಾವ ಕಂಪನಿಯೂ ದಾಟಲಾಗದು. ಎಫ್/6.9ರಲ್ಲಿ ಹಸಿರು ಬೆಳಕಿನ ಆ ತಟ್ಟೆಯ ಅಗಲ ಸುಮಾರು 9 ಮೈಕ್ರಾನ್. ಚಿಕ್ಕ ಸೆನ್ಸರಿನಲ್ಲಿ 20 ಮೆಗಾಪಿಕ್ಸೆಲ್ ತುರುಕಿದಾಗ ಒಂದೊಂದು ಪಿಕ್ಸೆಲ್ 1.2 ಮೈಕ್ರಾನ್. ಅಂದರೆ ಒಂದು ಚುಕ್ಕೆ ಏಳೆಂಟು ಪಿಕ್ಸೆಲ್ ಅಗಲಕ್ಕೆ ಹರಡಿ ಕೂರುತ್ತದೆ. 20 ಮೆಗಾಪಿಕ್ಸೆಲ್ ಎಂಬ ಅಂಕಿ ಆ ತುದಿಯಲ್ಲಿ ಕಾಗದದ ಮೇಲಿನ ಮಾತು. ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಅಚ್ಚು ಹಾಕಿದರೆ, ಫೋನಿನ ಪರದೆಯಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ; ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಮೆದುವಾಗುತ್ತದೆ.

ಈಗ ಒಂದು ಹೋಲಿಕೆ ಮಾಡೋಣ. ಪ್ಯಾನಸಾನಿಕ್ ಕಂಪನಿಯದೇ ಎರಡು ಕ್ಯಾಮೆರಾಗಳು: ಚಿಕ್ಕ ಸೆನ್ಸರಿನ ಟಿಝಡ್95, 24ರಿಂದ 720 ಮಿ.ಮೀ., 30 ಪಟ್ಟು. ಒಂದು ಇಂಚಿನ ಸೆನ್ಸರಿನ ಟಿಝಡ್200, 24ರಿಂದ 360 ಮಿ.ಮೀ., 15 ಪಟ್ಟು. ಮೊದಲನೆಯದು ಎರಡರಷ್ಟು ದೂರ ಹೋಗುತ್ತದೆ ಎಂದು ಅನಿಸುತ್ತದೆ. ಸಮಾನ ಅಳತೆಯನ್ನು ಬದಿಗಿಟ್ಟು ಲೆನ್ಸಿನ ನಿಜವಾದ ಅಳತೆ ನೋಡಿ. ಒಂದರ ತುದಿ 129 ಮಿ.ಮೀ., ಇನ್ನೊಂದರದು 132. ಎರಡರ ಬಾಯಿಯೂ ಅಲ್ಲಿ ಎಫ್/6.4. ಎರಡೂ ಲೆನ್ಸುಗಳು ದೂರದ ಹಕ್ಕಿಯಿಂದ ಹೆಚ್ಚುಕಡಿಮೆ ಅಷ್ಟೇ ಬೆಳಕು ಹಿಡಿಯುತ್ತವೆ, ಹಕ್ಕಿಯ ಬಿಂಬವನ್ನು ಸೆನ್ಸರಿನ ಮೇಲೆ ಅಷ್ಟೇ ಗಾತ್ರದಲ್ಲಿ ಮೂಡಿಸುತ್ತವೆ. ಟಿಝಡ್200 ಆ ಹಕ್ಕಿಯ ಸುತ್ತಲಿನ ಜಾಗವನ್ನೂ ಸೇರಿಸಿ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಅದರ ಚಿತ್ರದ ನಡುವಿನ ಕಾಲು ಭಾಗ ಕತ್ತರಿಸಿದರೆ 720 ಮಿ.ಮೀ. ನೋಟವೇ ಸಿಗುತ್ತದೆ, 5 ಮೆಗಾಪಿಕ್ಸೆಲ್‌ನಲ್ಲಿ. ಟಿಝಡ್95 ಅಲ್ಲಿ 20 ಮೆಗಾಪಿಕ್ಸೆಲ್ ಕೊಡುತ್ತದೆಯಾದರೂ, ಮೇಲೆ ಹೇಳಿದ ಹರಡುವಿಕೆಯಿಂದಾಗಿ ಅದರಲ್ಲಿನ ವಿವರ ನಾಲ್ಕು ಪಟ್ಟು ಆಗಿರುವುದಿಲ್ಲ. ದೂರದ ತುದಿಯಲ್ಲಿ ಚಿಕ್ಕ ಸೆನ್ಸರಿಗೆ ತುಸು ಮೇಲುಗೈ ಇದೆ, ನಿಜ. ಆದರೆ ಅಲ್ಲಿಂದ ಈಚೆಗೆ, 24ರಿಂದ 300ರವರೆಗಿನ ಇಡೀ ಹರವಿನಲ್ಲಿ, ದೊಡ್ಡ ಸೆನ್ಸರ್ ಸ್ಪಷ್ಟವಾಗಿ ಗೆಲ್ಲುತ್ತದೆ. ಪ್ರವಾಸದ ಚಿತ್ರಗಳಲ್ಲಿ ಬಹುಪಾಲು ಆ ಹರವಿನಲ್ಲೇ ಇರುತ್ತವೆ.

ಕೈನಡುಕ, ಬಿಸಿಲ ಝಳ

ಅಡಿಕೆ ಕೊಯ್ಯುವ ಉದ್ದನೆ ದೋಟಿ ಹಿಡಿದವರಿಗೆ ಗೊತ್ತು: ಬುಡದಲ್ಲಿ ಕೈ ತುಸು ಅಲುಗಿದರೆ ತುದಿ ಮೊಳದುದ್ದ ಓಲಾಡುತ್ತದೆ. ಉದ್ದ ಜೂಮ್‌ನ ಕಥೆಯೂ ಅದೇ. ಅನುಭವಿಗಳು ಹೇಳುವ ಹಳೆಯ ಸೂತ್ರದ ಪ್ರಕಾರ 720 ಮಿ.ಮೀ. ಲೆನ್ಸಿಗೆ ಸೆಕೆಂಡಿನ 720ನೆಯ ಒಂದು ಭಾಗದಷ್ಟು ಚುರುಕಾದ ಶಟರ್ ಬೇಕು. ಕ್ಯಾಮೆರಾದೊಳಗಿನ ಸ್ಟೆಬಿಲೈಸರ್ ಅದನ್ನು ತೊಂಬತ್ತನೆಯ ಒಂದು ಭಾಗಕ್ಕೆ, ಕೈ ಗಟ್ಟಿಯಿದ್ದರೆ ಇನ್ನೂ ಕೆಳಕ್ಕೆ ಇಳಿಸಿಕೊಡುತ್ತದೆ. ಆದರೆ ಅದು ತಡೆಯುವುದು ನಿಮ್ಮ ಕೈಯ ಅಲುಗಾಟವನ್ನು. ಹಾರುವ ಹಕ್ಕಿಯ ರೆಕ್ಕೆಯನ್ನೋ ಕುಣಿಯುವ ವೇಷಧಾರಿಯನ್ನೋ ಅದು ನಿಲ್ಲಿಸಲಾರದು. ಅದಕ್ಕೆ ಬೆಳಕೇ ಬೇಕು.

ಇಲ್ಲಿ ವ್ಯೂಫೈಂಡರ್ ನೆರವಿಗೆ ಬರುತ್ತದೆ. ಕಣ್ಣಿಗೆ ಒತ್ತಿ ಹಿಡಿದ ಕ್ಯಾಮೆರಾಕ್ಕೆ ಎರಡು ಕೈಗಳ ಜೊತೆ ಹಣೆಯ ಆಸರೆಯೂ ಸಿಗುತ್ತದೆ. ಚಾಚಿದ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಅದಿಲ್ಲ. ಮೇಲಾಗಿ ಹಂಪಿಯ ಬಂಡೆಗಳ ನಡುವೆ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆ ಏನೂ ಕಾಣದೆ ಕಪ್ಪಾಗುತ್ತದೆ. 300 ಮಿ.ಮೀ. ಮೀರಿದ ಜೂಮ್ ಇರುವ ಕ್ಯಾಮೆರಾಕ್ಕೆ ವ್ಯೂಫೈಂಡರ್ ಇರಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಪ್ಯಾನಸಾನಿಕ್ 2025ರಲ್ಲಿ ಟಿಝಡ್95ರ ಮುಂದಿನ ಮಾದರಿಯಾಗಿ ಟಿಝಡ್99 ತಂದಾಗ ವ್ಯೂಫೈಂಡರನ್ನೇ ಕಿತ್ತುಹಾಕಿದ್ದು ನನಗೆ ಬೇಸರ ತಂದಿದೆ.

ವ್ಯೂಫೈಂಡರ್ ಇಲ್ಲದಿದ್ದರೆ ಕೊರಳಪಟ್ಟಿಯನ್ನು ಬಿಗಿಯಾಗುವಷ್ಟು ಮುಂದಕ್ಕೆ ಎಳೆದು ಹಿಡಿಯಿರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, ಕಂಬವೋ ಗೋಡೆಯೋ ಸಿಕ್ಕರೆ ಒರಗಿ. ಒಂದರ ಬದಲು ಐದಾರು ಚಿತ್ರಗಳನ್ನು ಸಾಲಾಗಿ ತೆಗೆದರೆ ನಡುವಿನ ಒಂದಾದರೂ ಚೊಕ್ಕವಾಗಿ ಬಂದಿರುತ್ತದೆ. ಹಕ್ಕಿಯನ್ನು ಮೊದಲು ಅಗಲ ನೋಟದಲ್ಲಿ ಹುಡುಕಿ, ನಡುವಿಗೆ ತಂದುಕೊಂಡು, ಆಮೇಲೆ ಜೂಮ್ ಮಾಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತ ಅನುಮತಿ ಬೇಕಾಗುವುದರಿಂದ ಅದನ್ನು ನಂಬಿಕೊಳ್ಳಬೇಡಿ.

ಬಿಸಿಲೇರಿದ ಮೇಲೆ ನಂದಿಬೆಟ್ಟದಂಥ ಕಡೆಯಿಂದ ಬಯಲಿನಾಚೆಯ ಗುಡ್ಡಕ್ಕೆ ಜೂಮ್ ಮಾಡಿದರೆ ಚಿತ್ರ ನೀರೊಳಗೆ ತೆಗೆದಂತೆ ಬರುವುದು ಕ್ಯಾಮೆರಾದ ದೋಷವಲ್ಲ. ನೆಲದಿಂದೇಳುವ ಬಿಸಿಗಾಳಿಯ ಝಳ ಅದು. ಎಷ್ಟು ದುಡ್ಡು ಕೊಟ್ಟರೂ ಅದಕ್ಕೆ ಮದ್ದಿಲ್ಲ, ಬೆಳಗ್ಗೆ ಬೇಗ ಹೋಗುವುದೊಂದೇ ದಾರಿ.

ಯಾರಿಗೆ ಯಾವುದು

ಕ್ಯಾನನ್ ಕಂಪನಿಯ ಎಸ್‌ಎಕ್ಸ್740 ಎಚ್‌ಎಸ್ 2018ರಲ್ಲಿ ಬಂದದ್ದು: 24ರಿಂದ 960 ಮಿ.ಮೀ., 300 ಗ್ರಾಂ ತೂಕ, ಚಿಕ್ಕ ಸೆನ್ಸರ್, ಎಫ್/3.3-6.9. ವ್ಯೂಫೈಂಡರ್ ಇಲ್ಲ, ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಅನುಕೂಲವಾದ ರಾ ಫೈಲೂ ಇಲ್ಲ. ಬಳಸಲು ಬಲು ಸುಲಭ. ವ್ಯೂಫೈಂಡರಿನ ಹಟ ಬದಿಗಿಟ್ಟು, ಹಗಲಿನಲ್ಲಿ ದೂರದ್ದನ್ನು ನೋಡಿ ಸಂತೋಷಪಡುವ ಹಿರಿಯರಿಗೆ, ಶಾಲಾ ಮಕ್ಕಳಿಗೆ ನಾನು ಇದನ್ನು ಸೂಚಿಸುತ್ತೇನೆ. ಟಿಝಡ್95, ಟಿಝಡ್99 ಎರಡರಲ್ಲೂ ರಾ ಫೈಲ್ ಸಿಗುತ್ತದೆ. ಟಿಝಡ್99ಕ್ಕೆ ಫೋನಿನ ಸಿ-ಪಿನ್ ಚಾರ್ಜರೇ ಸಾಕಾಗುತ್ತದೆ. 2024ರ ಡಿಸೆಂಬರ್ 28ರಿಂದ ಐರೋಪ್ಯ ಒಕ್ಕೂಟ ಕ್ಯಾಮೆರಾಗಳಿಗೂ ಒಂದೇ ಬಗೆಯ ಚಾರ್ಜರ್ ಕಡ್ಡಾಯ ಮಾಡಿದ ನಿಯಮ ಜಾರಿಗೆ ಬಂದಿದೆ. ನನ್ನನ್ನು ಕೇಳಿದರೆ ವ್ಯೂಫೈಂಡರ್ ಇರುವ ಹಳೆಯ ಟಿಝಡ್95 ಚೆನ್ನಾಗಿರುವ ಸ್ಥಿತಿಯಲ್ಲಿ ಸಿಕ್ಕರೆ ಅದನ್ನೇ ಹಿಡಿಯಿರಿ. ಸೋನಿಯ ಎಚ್‌ಎಕ್ಸ್99 ಕೂಡ 720 ಮಿ.ಮೀ.ನದು, 242 ಗ್ರಾಂ ಮಾತ್ರ. ಜೇಬಿಗೆ ಇದರಷ್ಟು ಹಗುರಾದದ್ದು ಈ ಪಟ್ಟಿಯಲ್ಲಿ ಬೇರೊಂದಿಲ್ಲ, ಆದರೆ ಅದರ ಪುಟ್ಟ ವ್ಯೂಫೈಂಡರಿನಲ್ಲಿ ವಿವರ ಕಡಿಮೆ.

ಟಿಝಡ್200, 2018ರದು, 340 ಗ್ರಾಂ. ಮೇಲೆ ಹೇಳಿದ ಲೆಕ್ಕಗಳನ್ನೆಲ್ಲ ಕೂಡಿಸಿ ಕಳೆದು ನೋಡಿದರೆ, ದೇಗುಲ, ಕಾಡು, ಊರು, ಮನೆಮಂದಿ ಎಲ್ಲವನ್ನೂ ಒಂದೇ ಕ್ಯಾಮೆರಾದಲ್ಲಿ ತೆಗೆಯಬೇಕೆನ್ನುವ ಕನ್ನಡದ ಪ್ರವಾಸಿಗೆ ಹೆಚ್ಚು ಹೊಂದುವುದು ಇದೇ. ಒಂದು ಚಾರ್ಜಿಗೆ 370ರಷ್ಟು ಚಿತ್ರ ಬರುತ್ತವೆ ಎಂಬುದೂ ಪ್ರವಾಸದಲ್ಲಿ ಸಣ್ಣ ಮಾತಲ್ಲ. ಇದರಲ್ಲಿ ನನಗೆ ಒಪ್ಪಿಗೆಯಾಗದ್ದು ಅಗಲ ನೋಟದಲ್ಲೂ ಬಾಯಿ ಎಫ್/3.3 ಇರುವುದು. ಕತ್ತಲೆಯ ಒಳಾಂಗಣಕ್ಕೆ ಫೋನನ್ನೇ ಬಳಸಿ.

ಸೋನಿ ಆರ್‌ಎಕ್ಸ್100 ಸರಣಿಯ ಏಳನೆಯ ಆವೃತ್ತಿ 2019ರದು: ಒಂದು ಇಂಚಿನ ಸೆನ್ಸರ್, 24ರಿಂದ 200 ಮಿ.ಮೀ., ಎಫ್/2.8-4.5, ತೂಕ 302 ಗ್ರಾಂ. ಓಡುವ ಮಗುವಿನ ಕಣ್ಣನ್ನು ಹಿಂಬಾಲಿಸಿ ಫೋಕಸ್ ಹಿಡಿಯುವುದರಲ್ಲಿ ಈ ಪಟ್ಟಿಯ ಯಾವ ಕ್ಯಾಮೆರಾವೂ ಇದರ ಹತ್ತಿರ ಬರುವುದಿಲ್ಲ. ಹೊರಗಿನಿಂದ ಮೈಕ್ ಸಿಕ್ಕಿಸಬಹುದಾದ್ದರಿಂದ ವಿಡಿಯೊ ಮಾಡುವವರಿಗೂ ಇದೇ. ಚಾರ್ಜು ಮಾತ್ರ 260 ಚಿತ್ರಕ್ಕೆ ಮುಗಿಯುತ್ತದೆ, ಹೆಚ್ಚಿನ ಬ್ಯಾಟರಿ ಇಲ್ಲದೆ ಹೊರಡಬೇಡಿ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಕಾಡಿಗೆ 200 ಮಿ.ಮೀ. ಸಾಲದು. ದೇಗುಲಕ್ಕೆ, ಮದುವೆಗೆ, ರಂಗದ ಮೇಲಿನ ಕಲೆಗೆ ಇದಕ್ಕಿಂತ ಒಳ್ಳೆಯದು ಜೇಬಿನಲ್ಲಿ ಹಿಡಿಯುವುದಿಲ್ಲ.

ಬೆಲೆಯ ಅಂತರ ತಿಳಿಯಲು, ಅಮೆರಿಕದಲ್ಲಿ ಬಿಡುಗಡೆಯಾದಾಗಿನ ದರ ನೋಡಿ: ಕ್ಯಾನನ್ 400 ಡಾಲರ್, ಟಿಝಡ್200 800 ಡಾಲರ್, ಸೋನಿ ಆರ್‌ಎಕ್ಸ್100 1,200 ಡಾಲರ್. ಒಂದಕ್ಕೆ ಎರಡು, ಎರಡಕ್ಕೆ ಮೂರು. ವಿದೇಶದಲ್ಲಿರುವ ಮಕ್ಕಳಿಂದ ತರಿಸುವವರು, ಆ ಮಾದರಿಗೆ ನಮ್ಮ ದೇಶದಲ್ಲಿ ದುರಸ್ತಿ ಸಿಗುತ್ತದೆಯೇ, ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕಂಪನಿಯ ಸೇವಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ದೂಳು, ಬೂಷ್ಟು

ಈ ಕ್ಯಾಮೆರಾಗಳ ಲೆನ್ಸ್ ಮುಂದಕ್ಕೆ ಚಾಚಿ ಹಿಂದಕ್ಕೆ ಮಡಚಿಕೊಳ್ಳುವ ಕೊಳವೆ. ಪ್ರತಿ ಸಲ ಚಾಚಿದಾಗ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ದೂಳನ್ನೂ. ಲೆನ್ಸ್ ಬಿಚ್ಚಲು ಬಾರದ ಕಾರಣ ಸೆನ್ಸರ್ ಮೇಲೆ ಕೂತ ಕಣವನ್ನು ನಾವೇ ಒರೆಸುವಂತಿಲ್ಲ, ಸೇವಾ ಕೇಂದ್ರದಲ್ಲಿ ಇಡೀ ಕ್ಯಾಮೆರಾ ಬಿಚ್ಚಬೇಕು. ದೂಳಿನ ಚುಕ್ಕೆಗಳು ಎದ್ದು ಕಾಣುವುದು ಜೂಮ್ ಮಾಡಿದಾಗ, ಬಿಳಿ ಆಕಾಶದ ಮೇಲೆ. ಗೋಕರ್ಣದ ಮರಳಿನಲ್ಲಿ, ಬಯಲುಸೀಮೆಯ ಬೇಸಿಗೆಯ ಗಾಳಿಯಲ್ಲಿ ಕ್ಯಾಮೆರಾವನ್ನು ಬರಿದೇ ಪ್ಯಾಂಟಿನ ಜೇಬಿಗೆ ತುರುಕದೆ, ಜಿಪ್ ಇರುವ ಪುಟ್ಟ ಚೀಲದಲ್ಲಿಟ್ಟುಕೊಳ್ಳಿ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ತಲೆನೋವು ಬೇರೆ: ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು, ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಬೇಕು. ಬೀರುವಿನ ಬಟ್ಟೆಯ ನಡುವೆ ಮುಚ್ಚಿಟ್ಟರೆ ಅದು ಹಾಳಾಗುವುದು ಖಚಿತ.

ಹಳೆಯ ಮಾದರಿಗಳೇ ಹೆಚ್ಚು ಇರುವ ವರ್ಗವಾದ್ದರಿಂದ ಕೈಬದಲಾದ ಕ್ಯಾಮೆರಾ ಕೊಳ್ಳುವ ಪ್ರಸಂಗವೂ ಬರುತ್ತದೆ. ಆಗ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಲೆನ್ಸನ್ನು ಹತ್ತಾರು ಸಲ ಪೂರ್ತಿ ಚಾಚಿ ಮಡಚಿ. ನಡುವೆ ತಡೆದರೆ, ಕಿರ್ ಎಂದರೆ ವಾಪಸು ಕೊಡಿ. ಪೂರ್ತಿ ಜೂಮ್‌ನಲ್ಲಿ ಲೆನ್ಸಿನ ಬಾಯಿಯನ್ನು ಆದಷ್ಟು ಕಿರಿದು ಮಾಡಿ ಬಿಳಿ ಗೋಡೆಯನ್ನು ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಒಳಗೆ ದೂಳು. ಲೆನ್ಸಿಗೆ ಓರೆಯಾಗಿ ಟಾರ್ಚು ಹಿಡಿದರೆ ಬೂಷ್ಟಿನ ಬಿಳಿ ಎಳೆಗಳು ಗೋಚರಿಸುತ್ತವೆ.

ಹೊಸದನ್ನೇ ಕೊಂಡರೂ ಒಂದು ಪರೀಕ್ಷೆ ಬಿಡಬೇಡಿ. ಇಷ್ಟು ಉದ್ದದ ಜೂಮನ್ನು ಇಷ್ಟು ಸಣ್ಣ ಕೊಳವೆಯಲ್ಲಿ ಜೋಡಿಸುವಾಗ ಒಂದು ಗಾಜು ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಬದಿ ಮಬ್ಬಾಗುತ್ತದೆ. ಒಂದೇ ಮಾದರಿಯ ಎರಡು ಕ್ಯಾಮೆರಾಗಳ ನಡುವೆಯೂ ಈ ಅಂತರ ಇರುತ್ತದೆ. ಕನ್ನಡ ದಿನಪತ್ರಿಕೆಯ ಹಾಳೆಗಳನ್ನು ಗೋಡೆಗೆ ಸಮತಟ್ಟಾಗಿ ಅಂಟಿಸಿ, ಹಗಲು ಬೆಳಕಿನಲ್ಲಿ, ಕ್ಯಾಮೆರಾವನ್ನು ಮೇಜಿನ ಮೇಲೆ ನೇರವಾಗಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ 24, 100, 200 ಮತ್ತು ತುದಿಯ ಜೂಮ್‌ನಲ್ಲಿ ಒಂದೊಂದು ಚಿತ್ರ ತೆಗೆಯಿರಿ. ನಾಲ್ಕೂ ಮೂಲೆಯ ಒತ್ತಕ್ಷರಗಳು ಒಂದೇ ತೆರನಾಗಿ ಓದಲು ಬರಬೇಕು. ಮೂಲೆಗಳು ನಡುವಿಗಿಂತ ತುಸು ಮೆದುವಾಗಿರುವುದು ಸಹಜ. ಎಡಬದಿ ಓದಲು ಬಂದು ಬಲಬದಿ ಬರದಿದ್ದರೆ ಅದು ದೋಷ. ಅಂಥದ್ದನ್ನು ಬದಲಿಸಿಕೊಡುವಂತೆ ಕೇಳುವ ಹಕ್ಕು ನಿಮಗಿದೆ. ಅಂಗಡಿಯ ವಾಪಸಾತಿ ಗಡುವು ಕೆಲವೇ ದಿನಗಳದ್ದಾಗಿರುತ್ತದೆ, ಆದ್ದರಿಂದ ಡಬ್ಬಿ ಒಡೆದ ದಿನವೇ ಈ ಪರೀಕ್ಷೆ ಮುಗಿಸಿ.